ಊರು ಬದಲಾದರೂ ದಿನಚರಿ ಬದಲಾಗದಿರಲಿ

ಬೇಸಿಗೆ ರಜೆ ಬಂತೆಂದರೆ ಮನೆಮನೆಯಲ್ಲೂ ಪ್ರವಾಸದ ಮಾತು. ಅಜ್ಜಿಯ ಊರೋ, ಧರ್ಮಸ್ಥಳ-ಶೃಂಗೇರಿಯೋ, ಮೈಸೂರಿನ ಮೃಗಾಲಯವೋ, ಮಲ್ಪೆಯ ಕಡಲೋ ಎಂದು ಚರ್ಚೆ ನಡೆಯುತ್ತಿರುತ್ತದೆ. ಆದರೆ ಕೆಲವು ಮನೆಗಳಲ್ಲಿ ಈ ಚರ್ಚೆ ಏಳುವುದೇ ಇಲ್ಲ. ಆ ಮನೆಯಲ್ಲೊಂದು ಮಗುವಿದೆ. ಅದಕ್ಕೆ ಬೆಳಿಗ್ಗೆ ಅದೇ ನೀಲಿ ಲೋಟದಲ್ಲಿ ಹಾಲು ಕೊಡಬೇಕು, ಶಾಲೆಗೆ ಅದೇ ಬೀದಿಯಲ್ಲಿ ಕರೆದೊಯ್ಯಬೇಕು, ರಾತ್ರಿ ಅದೇ ಗೋಡೆಯ ಬದಿಗೆ ಮಲಗಿಸಬೇಕು. ಒಂದು ತಪ್ಪಿದರೂ ಅಳು, ಕಿರುಚಾಟ, ಕೆಲವೊಮ್ಮೆ ನೆಲಕ್ಕೆ ತಲೆ ಚಚ್ಚಿಕೊಳ್ಳುವುದು. ಇಂಥ ಮಗುವನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುವುದು ಎಂದು ತಂದೆತಾಯಿ ಸುಮ್ಮನಾಗಿಬಿಡುತ್ತಾರೆ. ಇಲ್ಲವೇ ಅಪ್ಪ ಒಂದು ಮಗುವಿನೊಂದಿಗೆ ನೆಂಟರ ಮದುವೆಗೆ ಹೋಗುತ್ತಾರೆ, ಅಮ್ಮ ಇನ್ನೊಂದು ಮಗುವಿನೊಂದಿಗೆ ಮನೆಯಲ್ಲಿ ಉಳಿಯುತ್ತಾರೆ. ಹೀಗೇ ವರ್ಷಗಳು ಕಳೆಯುತ್ತವೆ.

ಮನೆಯಲ್ಲೇ ಇದ್ದರೆ ಮಗುವಿಗೆ ನೆಮ್ಮದಿ ಎಂಬುದು ಅರ್ಧ ಸತ್ಯ ಮಾತ್ರ. ಹೊರಗೆ ಹೋಗದ ಮಗುವಿಗೆ ಹೊರಗಿನ ಪ್ರಪಂಚ ವರ್ಷದಿಂದ ವರ್ಷಕ್ಕೆ ಇನ್ನಷ್ಟು ಅಪರಿಚಿತವಾಗುತ್ತದೆ. ನಾಲ್ಕು ವರ್ಷದ ಮಗು ಬಸ್ಸಿನಲ್ಲಿ ರಂಪ ಮಾಡಿದರೆ ಎತ್ತಿಕೊಂಡು ಇಳಿಯಬಹುದು. ಹದಿನಾಲ್ಕರ ಹುಡುಗನನ್ನು ಎತ್ತಲಾಗುವುದಿಲ್ಲ. ಮುಂದೊಂದು ದಿನ ಪರವೂರಿನ ಆಸ್ಪತ್ರೆಗೋ, ಬಂಧುಗಳ ಮನೆಗೋ ಹೋಗಲೇಬೇಕಾಗಿ ಬಂದಾಗ ಕಷ್ಟವಾಗುವುದು ಆ ಮಗುವಿಗೇ. ಆದ್ದರಿಂದ ಚಿಕ್ಕಂದಿನಲ್ಲೇ, ಚಿಕ್ಕದಾಗಿ ಆರಂಭಿಸುವುದು ಮೇಲು. ಅದಕ್ಕೊಂದು ಉಪಾಯವಿದೆ. ಮನೆ ಬಿಡಿ, ಆದರೆ ದಿನಚರಿಯನ್ನು ಮನೆಯಲ್ಲಿ ಬಿಡಬೇಡಿ. ಬಟ್ಟೆಬರೆಯ ಜೊತೆಗೆ ಅದನ್ನೂ ಗಂಟು ಕಟ್ಟಿ ಒಯ್ಯಿರಿ.

ಹಠವಲ್ಲ, ಆಸರೆ

ಇಂಥ ಮಕ್ಕಳಲ್ಲಿ ಹೆಚ್ಚಿನವರಿಗೆ ಆಟಿಸಂ ಇರುತ್ತದೆ. ಕನ್ನಡದಲ್ಲಿ ಇದನ್ನು ಸ್ವಲೀನತೆ ಎನ್ನುತ್ತಾರೆ. ಬೌದ್ಧಿಕ ಬೆಳವಣಿಗೆ ಕುಂಠಿತವಾದ ಮಕ್ಕಳಲ್ಲೂ, ಡೌನ್ ಸಿಂಡ್ರೋಮ್ ಇರುವ ಕೆಲವರಲ್ಲೂ ಇಂಥದೇ ಸ್ವಭಾವ ಕಾಣುವುದುಂಟು. 1943ರಲ್ಲಿ ಅಮೆರಿಕದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 11 ಮಕ್ಕಳನ್ನು ಗಮನಿಸಿ ಸ್ವಲೀನತೆಯನ್ನು ಮೊದಲ ಬಾರಿಗೆ ವಿವರವಾಗಿ ಬಣ್ಣಿಸಿದಾಗಲೇ, ಎಲ್ಲವೂ ಇದ್ದಂತೆಯೇ ಇರಬೇಕೆಂಬ ಈ ಹಂಬಲವನ್ನು ಅದರ ಮುಖ್ಯ ಲಕ್ಷಣಗಳಲ್ಲಿ ಒಂದೆಂದು ಗುರುತಿಸಿದ್ದರು.

ನಮ್ಮ ಮಿದುಳು ಮುಂದೇನಾಗಬಹುದು ಎಂದು ಸದಾ ಊಹಿಸುತ್ತಿರುತ್ತದೆ. ಹೊಸ ಊರಿಗೆ ಹೋದರೂ ಇದು ಹೋಟೆಲು, ಇಲ್ಲಿ ಊಟ ಸಿಗುತ್ತದೆ, ರಾತ್ರಿ ಮಲಗುತ್ತೇವೆ, ನಾಡಿದ್ದು ಮನೆಗೆ ಹೋಗುತ್ತೇವೆ ಎಂಬುದು ನಮಗೆ ಯಾರೂ ಹೇಳದೆಯೇ ಗೊತ್ತು. ಈ ಮಕ್ಕಳಿಗೆ ಆ ಊಹೆ ಸುಲಭವಲ್ಲ. ಮನೆ ಬಿಟ್ಟ ಮೇಲೆ ಮತ್ತೆ ಮನೆಗೆ ಬರುತ್ತೇವೋ ಇಲ್ಲವೋ ಎಂಬುದೂ ಅವರಿಗೆ ಸ್ಪಷ್ಟವಿರುವುದಿಲ್ಲ. ಇದರ ಮೇಲೆ ಶಬ್ದ, ಬೆಳಕು, ವಾಸನೆ, ಸ್ಪರ್ಶಗಳು ಅವರಲ್ಲಿ ಅನೇಕರಿಗೆ ನಮಗಿಂತ ತೀವ್ರವಾಗಿ ತಾಕುತ್ತವೆ. ನಮಗೆ ಕೇಳಿಯೂ ಕೇಳದಂತಿರುವ ಹಳೆಯ ಫ್ಯಾನಿನ ಕಿರ್‍ರೆಂಬ ಸದ್ದು ಅವರನ್ನು ರಾತ್ರಿಯಿಡೀ ಎಚ್ಚರವಾಗಿಡಬಹುದು. ಕತ್ತಲಲ್ಲಿ ಮೆಟ್ಟಿಲಿಳಿಯುವವರು ಗೋಡೆ ಹಿಡಿದುಕೊಳ್ಳುವಂತೆ ಈ ಮಕ್ಕಳು ದಿನಚರಿಯನ್ನು ಹಿಡಿದುಕೊಂಡಿರುತ್ತಾರೆ. ಪ್ರವಾಸವೆಂದರೆ ನಾವು ಆ ಗೋಡೆಯನ್ನೇ ತೆಗೆದುಬಿಟ್ಟಂತೆ.

ಸಾಮಾನ್ಯ ಹಠಕ್ಕೂ ಇದಕ್ಕೂ ಇರುವ ವ್ಯತ್ಯಾಸವನ್ನು ತಿಳಿಯುವುದು ಅವಶ್ಯ. ಬಲೂನಿಗಾಗಿ ಹಠ ಹಿಡಿದ ಮಗು ಬಲೂನು ಸಿಕ್ಕೊಡನೆ ಸುಮ್ಮನಾಗುತ್ತದೆ. ಅಳುವ ನಡುವೆ ಅಮ್ಮ ನೋಡುತ್ತಿದ್ದಾಳೆಯೇ ಎಂದು ಓರೆಗಣ್ಣಿನಲ್ಲಿ ಗಮನಿಸುತ್ತದೆ. ಸಹಿಸಲಾರದೆ ಕುಸಿದ ಮಗು ಹಾಗೆ ನೋಡುವುದಿಲ್ಲ. ಕೇಳಿದ್ದನ್ನೆಲ್ಲ ಕೊಟ್ಟರೂ ತಕ್ಷಣ ಅಳು ನಿಲ್ಲಿಸುವುದು ಅದರ ಕೈಯಲ್ಲಿರುವುದಿಲ್ಲ. ಆಗ ಏಟು ಕೊಟ್ಟರೂ ಪ್ರಯೋಜನವಿಲ್ಲ, ಚಾಕೊಲೇಟು ಕೊಟ್ಟರೂ ಪ್ರಯೋಜನವಿಲ್ಲ.

ಹೊರಡುವ ಮೊದಲು

ಮಾತಿಗಿಂತ ಚಿತ್ರ ಈ ಮಕ್ಕಳಲ್ಲಿ ಅನೇಕರಿಗೆ ಬೇಗ ಅರ್ಥವಾಗುತ್ತದೆ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಎರಿಕ್ ಶಾಪ್ಲರ್ ಅವರು 1970ರ ದಶಕದಲ್ಲಿ ಬೆಳೆಸಿದ ಬೋಧನಾ ಕ್ರಮದಲ್ಲಿ ದಿನದ ಕೆಲಸಗಳನ್ನು ಚಿತ್ರಗಳ ಸಾಲಾಗಿ ತೋರಿಸುವುದಕ್ಕೆ ದೊಡ್ಡ ಸ್ಥಾನವಿದೆ. ನಮ್ಮಲ್ಲಿಯೂ ವಿಶೇಷ ಶಾಲೆಗಳ ಶಿಕ್ಷಕರು ಇದನ್ನು ಬಳಸುತ್ತಾರೆ. ಪ್ರವಾಸಕ್ಕೂ ಇದೇ ಉಪಾಯ ಮಾಡಿ. ಒಂದು ಉದ್ದನೆಯ ರಟ್ಟಿನ ಮೇಲೆ ಮನೆ, ಆಟೊ, ರೈಲು, ಅಜ್ಜಿಯ ಮುಖ, ಊಟದ ತಟ್ಟೆ, ಹಾಸಿಗೆ ಹೀಗೆ ಕ್ರಮವಾಗಿ ಅಂಟಿಸಿ. ಕೊನೆಯಲ್ಲಿ ನಿಮ್ಮ ಮನೆಯ ಬಾಗಿಲಿನ ಚಿತ್ರ ಇರಲೇಬೇಕು. ಈ ಕೊನೆಯ ಚಿತ್ರವನ್ನು ಮರೆತು ಉಳಿದದ್ದನ್ನೆಲ್ಲ ಅಂಟಿಸುವವರೇ ಹೆಚ್ಚು. ಮಗುವಿಗೆ ಎಲ್ಲಕ್ಕಿಂತ ಬೇಕಾಗಿರುವುದು ಅದೇ. ಒಂದೊಂದು ಹಂತ ಮುಗಿದಂತೆ ಆಯಾ ಚಿತ್ರವನ್ನು ಮಗುವಿನ ಕೈಯಿಂದಲೇ ಕೀಳಿಸಿ. ಮೊಬೈಲಿನಲ್ಲಿ ತೋರಿಸಬಹುದಲ್ಲ ಎನ್ನಬಹುದು. ತೋರಿಸಬಹುದು, ಆದರೆ ಘಾಟಿಯ ನಡುವೆ ಬ್ಯಾಟರಿ ಮುಗಿದರೆ ದಿನಚರಿಯೂ ಮುಗಿದಂತೆ. ರಟ್ಟು ಇರಲಿ.

ಸ್ವಲ್ಪ ಓದಲು ಬರುವ ಮಗುವಾದರೆ ಪುಟ್ಟ ಕಥೆ ಬರೆದುಕೊಡಿ. 1991ರ ಸುಮಾರಿಗೆ ಕ್ಯಾರಲ್ ಗ್ರೇ ಎಂಬ ಶಿಕ್ಷಕಿ ರೂಪಿಸಿದ ಸಾಮಾಜಿಕ ಕಥೆಗಳ ಮಾದರಿ ಇದು. ‘ಶನಿವಾರ ನಾವು ರೈಲಿನಲ್ಲಿ ಅಜ್ಜಿಯ ಮನೆಗೆ ಹೋಗುತ್ತೇವೆ. ರೈಲು ಜೋರಾಗಿ ಕೂಗುತ್ತದೆ. ಆಗ ನಾನು ಕಿವಿ ಮುಚ್ಚಿಕೊಳ್ಳಬಹುದು. ಅಲ್ಲಿ ಎರಡು ರಾತ್ರಿ ಮಲಗುತ್ತೇವೆ. ಸೋಮವಾರ ನಮ್ಮ ಮನೆಗೆ ಬರುತ್ತೇವೆ.’ ಇಷ್ಟೇ ಸಾಕು. ಜಾಣಮರಿಯಂತೆ ಇರಬೇಕು, ಗಲಾಟೆ ಮಾಡಬಾರದು ಎಂಬ ಉಪದೇಶ ಅದರಲ್ಲಿ ಬೇಡ. ಏನಾಗುತ್ತದೆ, ಆಗ ತಾನೇನು ಮಾಡಬಹುದು ಎಂಬುದಷ್ಟೇ ಮಗುವಿಗೆ ತಿಳಿಯಬೇಕು.

ಎಷ್ಟು ದಿನ ಮೊದಲು ಹೇಳಬೇಕು? ಇದಕ್ಕೆ ಒಂದೇ ಉತ್ತರವಿಲ್ಲ. ಕೆಲವು ಮಕ್ಕಳಿಗೆ ಎರಡು ವಾರ ಕ್ಯಾಲೆಂಡರಿನ ಮೇಲೆ ದಿನ ಹೊಡೆದುಹಾಕುತ್ತ ಹೋದರೆ ಧೈರ್ಯ ಬರುತ್ತದೆ. ಇನ್ನು ಕೆಲವರಿಗೆ ಹೇಳಿದ ಗಳಿಗೆಯಿಂದಲೇ ಆತಂಕ ಶುರುವಾಗಿ ನಿದ್ದೆ ಕೆಡುತ್ತದೆ. ಅಂಥವರಿಗೆ ಎರಡು ದಿನ ಮೊದಲು ಹೇಳಿದರೆ ಸಾಕು. ನಿಮ್ಮ ಮಗು ಯಾವ ಬಗೆಯದೆಂದು ನಿಮಗೇ ಗೊತ್ತಿರುತ್ತದೆ.

ತೋರಿಸಿದ ಚಿತ್ರ ಸುಳ್ಳಾಗಬಾರದು. ಮೈಸೂರಿನ ಮೃಗಾಲಯಕ್ಕೆ ಮಂಗಳವಾರ ರಜೆ. ವಾರವಿಡೀ ಆನೆ, ಜಿರಾಫೆಯ ಚಿತ್ರ ತೋರಿಸಿ ಮಂಗಳವಾರ ಕರೆದೊಯ್ದರೆ, ಮುಚ್ಚಿದ ಗೇಟಿನ ಮುಂದೆ ನಡೆಯುವ ರಂಪಕ್ಕೆ ಮಗುವನ್ನು ದೂರುವಂತಿಲ್ಲ. ಎಷ್ಟು ವಿಚಾರಿಸಿದ್ದರೂ ರೈಲು ತಡವಾಗಬಹುದು, ಮಳೆ ಬರಬಹುದು. ಅದಕ್ಕಾಗಿ ಪ್ರಶ್ನಾರ್ಥಕ ಚಿಹ್ನೆ ಬರೆದ ಒಂದು ಚೀಟಿ ಮಾಡಿಕೊಳ್ಳಿ. ‘ಈಗ ಬದಲಾವಣೆ’ ಎಂಬುದು ಅದರ ಅರ್ಥ. ಮೊದಲು ಮನೆಯಲ್ಲೇ ಸಂತೋಷದ ಬದಲಾವಣೆಗಳಿಗೆ ಅದನ್ನು ಬಳಸಿ. ಉಪ್ಪಿಟ್ಟಿನ ಚಿತ್ರದ ಮೇಲೆ ಆ ಚೀಟಿ ಅಂಟಿಸಿ ಐಸ್‌ಕ್ರೀಂ ಕೊಡಿ. ಬದಲಾವಣೆಯೆಂದರೆ ಕೆಟ್ಟದ್ದೇ ಅಲ್ಲ ಎಂದು ಮಗು ಒಮ್ಮೆ ಕಲಿತರೆ ರೈಲ್ವೆ ಪ್ಲಾಟ್‌ಫಾರಂನಲ್ಲಿ ಅದೇ ಚೀಟಿ ನಿಮ್ಮನ್ನು ಕಾಪಾಡುತ್ತದೆ.

ಮೊದಲ ಪ್ರವಾಸವೇ ಒಂದು ವಾರದ್ದಾಗುವುದು ಬೇಡ. ಅರ್ಧ ದಿನ ಹತ್ತಿರದ ಉದ್ಯಾನಕ್ಕೆ, ಆಮೇಲೆ ಊರೊಳಗಿನ ಚಿಕ್ಕಮ್ಮನ ಮನೆಯಲ್ಲಿ ಒಂದು ರಾತ್ರಿ. ಅದು ಸರಿಹೋದ ಮೇಲೆ ಎರಡು ರಾತ್ರಿ.

ಗಂಟಿನಲ್ಲಿ ಏನಿರಬೇಕು?

ನೀಲಿ ಲೋಟ ಇರಲೇಬೇಕು. ಮಗುವಿನ ತಟ್ಟೆ, ಚಮಚ, ಹೊದಿಕೆ, ದಿಂಬಿನ ಚೀಲ ಇರಲಿ. ಪ್ರವಾಸಕ್ಕೆಂದು ದಿಂಬಿನ ಚೀಲವನ್ನು ಒಗೆದು ಇಸ್ತ್ರಿ ಮಾಡಬೇಡಿ. ಅದರಲ್ಲಿರುವ ಮನೆಯ ವಾಸನೆಯೇ ಮಗುವಿಗೆ ನಿದ್ದೆಯ ಔಷಧಿ. ಹೊಸ ಬಟ್ಟೆ, ಹೊಸ ಚಪ್ಪಲಿಗಳ ಉದ್ಘಾಟನೆಗೂ ಇದು ಸಮಯವಲ್ಲ.

ಊಟದ ವಿಷಯದಲ್ಲಿ ಈ ಮಕ್ಕಳಲ್ಲಿ ಅನೇಕರು ಬಹಳ ಕಟ್ಟುನಿಟ್ಟು. ಮೊಸರನ್ನ ಮಾತ್ರ, ಅಥವಾ ಪಾರ್ಲೆ-ಜಿ ಮಾತ್ರ, ಅದೂ ಮುರಿದಿರಬಾರದು. ಹೋಟೆಲಿನಲ್ಲಿ ಹಸಿವಾದರೆ ತಾನಾಗಿ ತಿನ್ನುತ್ತಾನೆ ಎಂದು ಹಿರಿಯರು ಹೇಳುವುದುಂಟು. ಎಲ್ಲ ಮಕ್ಕಳಿಗೂ ಈ ಮಾತು ಹೊಂದುವುದಿಲ್ಲ. ಒಪ್ಪದ ಊಟವನ್ನು ದಿನವಿಡೀ ಮುಟ್ಟದೆ ನಿತ್ರಾಣವಾಗುವ ಮಕ್ಕಳಿದ್ದಾರೆ. ಹೊಸ ರುಚಿ ಕಲಿಸುವ ಕೆಲಸ ಮನೆಯಲ್ಲಿ ನಡೆಯಲಿ. ಪ್ರವಾಸದಲ್ಲಿ ತಿನ್ನುವುದನ್ನೇ ಕೊಡಿ. ನೀರಿನ ರುಚಿ ಬದಲಾದರೆ ಕುಡಿಯುವುದನ್ನೇ ಬಿಡುವ ಮಕ್ಕಳೂ ಉಂಟು. ಬಿಸಿಲ ದಿನಗಳಲ್ಲಿ ಇದು ಅಪಾಯ. ದಾರಿಯ ಮಟ್ಟಿಗಾದರೂ ಮನೆಯ ನೀರನ್ನು ಅದೇ ಬಾಟಲಿಯಲ್ಲಿ ಒಯ್ಯಿರಿ.

ಶೌಚದ ಮಾತನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ಮನೆಯ ಕಮೋಡನ್ನು ಬಿಟ್ಟು ಬೇರೆಡೆ ಕೂರದ ಮಗು ಮೂರು ದಿನ ಮಲ ತಡೆದುಕೊಂಡರೆ ಹೊಟ್ಟೆನೋವು ಬರುತ್ತದೆ. ಹೇಳಲು ಮಾತು ಬಾರದ ಮಗು ಅದನ್ನು ಕಚ್ಚಿಯೋ, ಹೊಡೆದೋ ತೋರಿಸುತ್ತದೆ. ಪ್ರವಾಸದಲ್ಲಿ ಇದ್ದಕ್ಕಿದ್ದಂತೆ ಸ್ವಭಾವ ಕೆಟ್ಟಿತೆಂದರೆ ಮೊದಲು ಹೊಟ್ಟೆ, ಹಲ್ಲು, ಕಿವಿ ನೋಡಿ. ಹೋಗುವ ಊರಿನಲ್ಲಿ ಎಂಥ ಶೌಚಾಲಯವಿದೆ ಎಂದು ಮೊದಲೇ ಕೇಳಿಕೊಂಡು, ಊರೊಳಗೆ ಬೇರೆಯವರ ಮನೆಗೆ ಹೋದಾಗಲೆಲ್ಲ ಅಭ್ಯಾಸ ಮಾಡಿಸುವುದು ಒಳ್ಳೆಯದು.

ದಾರಿಯಲ್ಲಿ

ರಾತ್ರಿ ಬಸ್ಸಿನಲ್ಲಿ ಮಲಗಿಬಿಡುತ್ತದೆ ಎಂಬ ಲೆಕ್ಕಾಚಾರ ಬಹಳ ಸಲ ತಪ್ಪುತ್ತದೆ. ಬಸ್ಸಿನಲ್ಲಿ ಎದ್ದು ಓಡಾಡುವಂತಿಲ್ಲ, ಬೇಕೆಂದ ಕಡೆ ನಿಲ್ಲಿಸುವಂತಿಲ್ಲ. ಸ್ವಂತ ಕಾರಿದ್ದವರಿಗೆ ಆ ತೊಂದರೆಯಿಲ್ಲ. ಆದರೂ 14 ಹಿಮ್ಮುರಿ ತಿರುವುಗಳ ಆಗುಂಬೆ ಘಾಟಿಯನ್ನು ತುಂಬಿದ ಹೊಟ್ಟೆಯಲ್ಲಿ ಇಳಿಯುವುದು ಬೇಡ. ಹೆಚ್ಚಿನ ಮಕ್ಕಳಿಗೆ ಹಗಲಿನ ರೈಲು ಹಿತ. ನಡೆದಾಡಬಹುದು, ಗಾಲಿಗಳ ಒಂದೇ ಲಯದ ಸದ್ದು ಅನೇಕ ಮಕ್ಕಳಿಗೆ ಇಷ್ಟ. ಬೆಂಗಳೂರಿನಿಂದ ಮಂಗಳೂರಿನ ಕಡೆ ಹೋಗುವವರು ಮಾತ್ರ ಒಂದು ವಿಷಯ ನೆನಪಿಡಿ. ಸಕಲೇಶಪುರ-ಸುಬ್ರಹ್ಮಣ್ಯ ನಡುವೆ 57 ಸುರಂಗಗಳಿವೆ. ಕತ್ತಲೆಯೂ ಗಡಚಿಕ್ಕುವ ಸದ್ದೂ ಒಮ್ಮೆಗೇ ಮೈಮೇಲೆ ಬಂದಂತಾಗುತ್ತದೆ. ಹೇಳದೆ ಕರೆದೊಯ್ದರೆ ಅದೊಂದು ನರಕ. ಮೊದಲೇ ಹೇಳಿ, 57 ಮನೆಗಳ ಒಂದು ಪಟ್ಟಿ ಬರೆದುಕೊಟ್ಟು ಒಂದೊಂದು ಸುರಂಗಕ್ಕೆ ಒಂದೊಂದು ಗುರುತು ಹಾಕಿಸಿದರೆ, ಎಣಿಕೆಯನ್ನು ಇಷ್ಟಪಡುವ ಮಗುವಿಗೆ ಅದೇ ಪ್ರವಾಸದ ಹಬ್ಬವಾಗಬಹುದು.

ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ ಪಟ್ಟಿಯಲ್ಲಿರುವ 21 ವೈಕಲ್ಯಗಳಲ್ಲಿ ಆಟಿಸಂ ಕೂಡ ಸೇರಿದೆ. ಸರ್ಕಾರ ಕೊಡುವ ವಿಶಿಷ್ಟ ಗುರುತಿನ ಚೀಟಿ ಮಾಡಿಸಿಕೊಂಡಿದ್ದರೆ ಪ್ರಯಾಣದಲ್ಲಿ ಜೊತೆಗಿರಲಿ. ಜೊತೆಗಾರರಿಲ್ಲದೆ ಪ್ರಯಾಣಿಸಲಾಗದ ಬೌದ್ಧಿಕ ವೈಕಲ್ಯವುಳ್ಳವರಿಗೆ ರೈಲ್ವೆಯು ಸ್ಲೀಪರ್ ಮತ್ತು ಮೂರನೇ ದರ್ಜೆ ಎ.ಸಿ.ಯ ಮೂಲ ದರದಲ್ಲಿ ಶೇ. 75ರಷ್ಟು ರಿಯಾಯಿತಿ ಕೊಡುತ್ತದೆ, ಜೊತೆಗಾರರೊಬ್ಬರಿಗೂ ಅಷ್ಟೇ. ಪ್ರಮಾಣಪತ್ರದ ಪದಗಳು ರೈಲ್ವೆಯ ನಿಯಮಕ್ಕೆ ಹೊಂದಬೇಕಾಗುವುದರಿಂದ ಟಿಕೆಟ್ ತೆಗೆಯುವ ದಿನಕ್ಕೆ ಕಾಯದೆ ಮೊದಲೇ ವಿಚಾರಿಸಿಕೊಳ್ಳಿ. ವಿಮಾನದಲ್ಲಿ ಹೋಗುವವರಿಗೂ ಒಂದು ಅನುಕೂಲ ಬಂದಿದೆ. ಹೊರಗೆ ಕಾಣದ ವೈಕಲ್ಯವುಳ್ಳವರು ಸೂರ್ಯಕಾಂತಿ ಹೂವಿನ ಗುರುತಿರುವ ಹಸಿರು ಪಟ್ಟಿಯನ್ನು ಕೊರಳಿಗೆ ಹಾಕಿಕೊಳ್ಳುವ ಪದ್ಧತಿ 2016ರಲ್ಲಿ ಲಂಡನ್ನಿನ ಗ್ಯಾಟ್‌ವಿಕ್ ನಿಲ್ದಾಣದಲ್ಲಿ ಆರಂಭವಾಯಿತು. 2023ರಲ್ಲಿ ಬೆಂಗಳೂರಿನ ಕೆಂಪೇಗೌಡ ನಿಲ್ದಾಣವೂ ಇದನ್ನು ಅಳವಡಿಸಿಕೊಂಡಿತು. ಈ ಮಗುವಿಗೆ ಸ್ವಲ್ಪ ಹೆಚ್ಚು ಸಮಯ ಬೇಕು ಎಂಬುದನ್ನು ಸಿಬ್ಬಂದಿಗೆ ನೀವು ಬಾಯಿಬಿಟ್ಟು ಹೇಳಬೇಕಾಗುವುದಿಲ್ಲ.

ಊರು ತಲುಪಿದ ಮೇಲೆ

ಮೂರು ದಿನದಲ್ಲಿ ಏಳು ಕ್ಷೇತ್ರಗಳ ಪ್ಯಾಕೇಜ್ ಟೂರು ನಿಮಗಲ್ಲ. ಒಂದೇ ಊರು, ಒಂದೇ ಕೋಣೆ, ದಿನಕ್ಕೆ ಒಂದೇ ಜಾಗ. ಬೆಳಿಗ್ಗೆ ಹೋಗಿ ಮಧ್ಯಾಹ್ನದ ಊಟಕ್ಕೆ ಕೋಣೆಗೆ ಬನ್ನಿ. ಏಳುವ, ಉಣ್ಣುವ, ಮೀಯುವ, ಮಲಗುವ ಹೊತ್ತು ಮನೆಯಲ್ಲಿದ್ದಂತೆಯೇ ಇರಲಿ. ಮನೆಯಲ್ಲಿ ರಾತ್ರಿ ಎಂಟಕ್ಕೆ ಅಪ್ಪ ಕಥೆ ಹೇಳುತ್ತಿದ್ದರೆ ಇಲ್ಲಿಯೂ ಎಂಟಕ್ಕೇ ಅದೇ ಕಥೆ ಹೇಳಬೇಕು, ಹೊರಗೆ ನೆಂಟರು ಎಷ್ಟೇ ಕರೆಯಲಿ.

ದೇವಸ್ಥಾನಗಳಿಗೆ ಹಬ್ಬದ ದಿನವನ್ನೂ ಮಹಾಮಂಗಳಾರತಿಯ ಹೊತ್ತನ್ನೂ ಬಿಟ್ಟು ಹೋಗಿ. ಗಂಟೆ, ಜಾಗಟೆ, ನಗಾರಿಗಳ ಸದ್ದಿಗೆ ಕಿವಿ ಮುಚ್ಚಿ ಕೂಗುವ ಮಗುವಿಗೆ ಭಕ್ತಿಯಿಲ್ಲವೆಂದಲ್ಲ, ಕಿವಿ ನೋಯುತ್ತಿದೆ ಎಂದರ್ಥ. ಸದ್ದು ತಡೆಯುವ ಹೆಡ್‌ಫೋನ್ ಹಾಕಿಸಿದರೆ ದೇವರು ಮುನಿಸಿಕೊಳ್ಳುವುದಿಲ್ಲ. ಉದ್ದನೆಯ ಸರದಿಯಲ್ಲಿ ಒಬ್ಬರು ನಿಂತು, ಇನ್ನೊಬ್ಬರು ಮಗುವಿನೊಂದಿಗೆ ಹೊರಗಿದ್ದು, ಹತ್ತಿರ ಬಂದಾಗ ಸೇರಿಕೊಳ್ಳಬಹುದೇ ಎಂದು ಅಲ್ಲಿಯವರನ್ನು ಕೇಳಿ. ಸಮಾಧಾನವಾಗಿ ಕೇಳಿದರೆ ಬಹಳ ಕಡೆ ಒಪ್ಪುತ್ತಾರೆ.

ನೆಂಟರಿಷ್ಟರ ಮಾತು ಇದಕ್ಕಿಂತ ಕಷ್ಟ. ದೃಷ್ಟಿ ತೆಗೆಯಿರಿ, ಮುದ್ದು ಹೆಚ್ಚಾಯಿತು, ಎರಡು ಬಿಟ್ಟರೆ ಸರಿಹೋಗುತ್ತದೆ ಎಂದು ಆಳಿಗೊಂದು ಸಲಹೆ. ಹೊರಡುವ ಮೊದಲೇ ಆ ಮನೆಯ ಹಿರಿಯರೊಬ್ಬರಿಗೆ ಫೋನ್ ಮಾಡಿ ಮಗುವನ್ನು ಬಲವಂತವಾಗಿ ಎತ್ತಬೇಡಿ, ಕೆನ್ನೆ ಹಿಂಡಬೇಡಿ, ಮಲಗಲು ಸದ್ದಿಲ್ಲದ ಮೂಲೆಯೊಂದು ಬೇಕು ಎಂದು ತಿಳಿಸಿ. ಅಜ್ಜಿಗೆ ಒಂದು ಸರಿಯಾದ ಕೆಲಸ ಹೇಳಿಕೊಟ್ಟರೆ, ಉದಾಹರಣೆಗೆ ಸಂಜೆ ಐದಕ್ಕೆ ದಿನವೂ ಮಗುವಿನೊಂದಿಗೆ ಹೂ ಬಿಡಿಸುವುದು, ಆಕೆಯೇ ನಿಮ್ಮ ವಕೀಲೆಯಾಗುತ್ತಾರೆ.

ಇಷ್ಟೆಲ್ಲ ಮಾಡಿದ ಮೇಲೂ ಮಗು ಒಮ್ಮೆ ಕುಸಿಯಬಹುದು. ಆಗ ಮಾತು ಕಡಿಮೆ ಮಾಡಿ. ಜನರಿಂದ, ಸದ್ದಿನಿಂದ ದೂರ ಕರೆದೊಯ್ಯಿರಿ. ತಲೆಗೆ ಪೆಟ್ಟಾಗದಂತೆ ಕೆಳಗೆ ಮೆತ್ತನೆಯದೇನಾದರೂ ಇಡಿ. ಒಬ್ಬರು ಮಾತ್ರ ಹತ್ತಿರವಿರಿ. ಸುತ್ತ ನಿಂತವರಿಗೆ ವಿವರಿಸುವ ಕೆಲಸ ಇನ್ನೊಬ್ಬರದು. ತಣ್ಣಗಾದ ಮೇಲೆ ಆ ದಿನದ ಉಳಿದ ಕಾರ್ಯಕ್ರಮ ರದ್ದಾಗಲಿ. ಒಡಹುಟ್ಟಿದವರಿಗೆ ಇದರಿಂದ ಬೇಸರವಾಗುವುದು ಸಹಜ. ಅವರನ್ನೂ ಮರೆಯಬೇಡಿ. ದಿನಕ್ಕೆರಡು ಗಂಟೆ ಅಪ್ಪನೋ ಅಮ್ಮನೋ ಆ ಮಗುವಿನೊಂದಿಗೆ ಮಾತ್ರ ಹೊರಗೆ ಹೋಗುವಂತಾಗಲಿ. ತಮ್ಮನನ್ನು ನೋಡಿಕೋ ಎಂಬ ಮಾತು ಆ ಎರಡು ಗಂಟೆಯಲ್ಲಿ ಬರಬಾರದು.

ನೀರಿನ ಬಗ್ಗೆ ಎಚ್ಚರ

ರಂಪಕ್ಕೆ ನಾವೆಲ್ಲ ಹೆದರುತ್ತೇವೆ, ಆದರೆ ನಿಜವಾಗಿ ಹೆದರಬೇಕಾದದ್ದು ಸದ್ದಿಲ್ಲದೆ ನಡೆಯುವ ಸಂಗತಿಗೆ. 2012ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಆಟಿಸಂ ಇರುವ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ನಾಲ್ಕು ವರ್ಷದ ನಂತರ ಒಮ್ಮೆಯಾದರೂ ಮನೆಯಿಂದಲೋ ಶಾಲೆಯಿಂದಲೋ ತಪ್ಪಿಸಿಕೊಂಡು ಹೋಗಲು ಯತ್ನಿಸಿದ್ದರೆಂದು ತಂದೆತಾಯಂದಿರು ತಿಳಿಸಿದ್ದರು. ಹೀಗೆ ಹೋದ ಮಕ್ಕಳಲ್ಲಿ ಅನೇಕರನ್ನು ನೀರು ಸೆಳೆಯುತ್ತದೆ. ನೀರಿನ ಹೊಳಪು, ಅಲೆಗಳ ಚಲನೆ ಅವರಿಗೆ ಇಷ್ಟ, ಅಪಾಯದ ಅರಿವು ಕಡಿಮೆ. ನಮ್ಮ ಪ್ರವಾಸದ ಜಾಗಗಳೆಲ್ಲ ನೀರಿನ ಅಂಚಿನಲ್ಲೇ ಇವೆ. ಮಲ್ಪೆ, ಗೋಕರ್ಣ, ಮುರುಡೇಶ್ವರದ ಕಡಲು, ಶ್ರೀರಂಗಪಟ್ಟಣದ ಕಾವೇರಿ, ಮೀನುಗಳಿಗೆ ಮಂಡಕ್ಕಿ ಹಾಕುವ ಶೃಂಗೇರಿಯ ತುಂಗೆಯ ಮೆಟ್ಟಿಲು, ಹೋಟೆಲಿನ ಈಜುಕೊಳ. ಇಂಥಲ್ಲಿ ಎಲ್ಲರೂ ನೋಡಿಕೊಳ್ಳುತ್ತಿದ್ದಾರೆ ಎಂದರೆ ಯಾರೂ ನೋಡಿಕೊಳ್ಳುತ್ತಿಲ್ಲ ಎಂದೇ ತಿಳಿಯಿರಿ. ಇಷ್ಟು ಹೊತ್ತು ಅಪ್ಪ, ಇಷ್ಟು ಹೊತ್ತು ಮಾವ ಎಂದು ಹೆಸರು ಹೇಳಿ ಒಬ್ಬರಿಗೆ ವಹಿಸಿ. ಅವರು ಕೈಗೆಟಕುವಷ್ಟು ಹತ್ತಿರದಲ್ಲಿರಬೇಕು, ಫೋನ್ ಜೇಬಿನಲ್ಲಿರಬೇಕು.

ಕೋಣೆಗೆ ಕಾಲಿಟ್ಟೊಡನೆ ಬಾಗಿಲಿನ ಮೇಲಿನ ಚಿಲಕ, ಬಾಲ್ಕನಿ, ಕಿಟಕಿಗಳನ್ನು ಪರೀಕ್ಷಿಸಿ. ಪ್ರತಿದಿನ ಬೆಳಿಗ್ಗೆ ಅಂದಿನ ಬಟ್ಟೆಯಲ್ಲೇ ಮಗುವಿನ ಒಂದು ಫೋಟೊ ತೆಗೆದಿಡಿ. ನಿಮ್ಮ ಫೋನ್ ಸಂಖ್ಯೆ ಬರೆದ ಪಟ್ಟಿಯನ್ನು ಕೈಗೆ ಕಟ್ಟಿ. ಪಟ್ಟಿ ಸಹಿಸದ ಮಗುವಾದರೆ ಅಂಗಿಯ ಒಳಬದಿಗೆ ಹೊಲಿಯಿರಿ. ಅಕಸ್ಮಾತ್ ಮಗು ಕಾಣದಾದರೆ ಮೊದಲು ನೀರಿನ ಬಳಿಗೆ ಓಡಿ. ಅಂಗಡಿ, ಜನಸಂದಣಿ ಆಮೇಲೆ. ಅದೇ ಹೊತ್ತಿಗೆ ಇನ್ನೊಬ್ಬರು 112ಕ್ಕೆ ಕರೆ ಮಾಡಲಿ. ಮಕ್ಕಳ ಸಹಾಯವಾಣಿ 1098. ರೈಲಿನಲ್ಲಾದರೆ 139.

ಔಷಧಿ

ಆಟಿಸಂ ಇರುವ ಮಕ್ಕಳಲ್ಲಿ ಮೂರ್ಛೆರೋಗ ಉಳಿದ ಮಕ್ಕಳಿಗಿಂತ ಹೆಚ್ಚು. ಫಿಟ್ಸ್‌ನ ಮಾತ್ರೆ ತೆಗೆದುಕೊಳ್ಳುವ ಮಗುವಾದರೆ ಒಂದು ಹೊತ್ತಿನದೂ ತಪ್ಪಬಾರದು. ನಿದ್ದೆಗೆಟ್ಟರೂ ಫಿಟ್ಸ್ ಬರಬಹುದು. ರಾತ್ರಿ ಪ್ರಯಾಣ ಬೇಡವೆನ್ನುವುದಕ್ಕೆ ಇದೂ ಒಂದು ಕಾರಣ. ಬೇಕಾದುದಕ್ಕಿಂತ ನಾಲ್ಕೈದು ದಿನದ ಮಾತ್ರೆ ಹೆಚ್ಚಾಗಿಯೇ ಇರಲಿ, ಅದು ದೊಡ್ಡ ಸೂಟ್‌ಕೇಸಿನಲ್ಲಲ್ಲ, ಕೈಚೀಲದಲ್ಲಿರಲಿ. ವೈದ್ಯರ ಚೀಟಿಯೂ ಜೊತೆಗಿರಲಿ. ಫಿಟ್ಸ್ ಬಂದರೆ ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಚಮಚ, ನೀರು ಏನನ್ನೂ ಹಾಕಬೇಡಿ. ಕೈಗೆ ಕಬ್ಬಿಣ ಕೊಡುವುದರಿಂದ ಉಪಯೋಗವಿಲ್ಲ. ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ, ಅಥವಾ ಒಂದರ ಹಿಂದೆ ಇನ್ನೊಂದು ಬಂದರೆ 108 ಆಂಬುಲೆನ್ಸ್ ಕರೆಸಿ.

ದಾರಿಯಲ್ಲಿ ಸುಮ್ಮನೆ ಮಲಗಲೆಂದು ನೆಗಡಿಯ ಸಿರಪ್ ಕುಡಿಸುವ ಪದ್ಧತಿ ಕೆಲವು ಮನೆಗಳಲ್ಲಿದೆ. ಇದು ಸರಿಯಲ್ಲ. ಕೆಲವು ಮಕ್ಕಳಿಗೆ ಇಂಥ ಔಷಧಿ ನಿದ್ದೆಯ ಬದಲು ಇನ್ನಷ್ಟು ಚಡಪಡಿಕೆ ತರುತ್ತದೆ. ನಿದ್ದೆಯ ತೊಂದರೆ ನಿಜಕ್ಕೂ ಇದ್ದರೆ ಮೊದಲೇ ಮಕ್ಕಳ ತಜ್ಞರನ್ನು ಕಾಣಿ. ಯಾವ ಹೊಸ ಔಷಧಿಯನ್ನೇ ಆಗಲಿ ಮೊದಲ ಸಲ ರೈಲಿನಲ್ಲಿ ಕೊಡಬೇಡಿ. ಮಾತು ಬಾರದ ಮಗುವಿಗೆ ಚಿತ್ರಗಳ ಮೂಲಕ ಸಂವಹನ ಕಲಿಸಲು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ, ನಡವಳಿಕೆಯ ತೀವ್ರ ತೊಂದರೆಗಳಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಮಾರ್ಗದರ್ಶನ ದೊರೆಯುತ್ತದೆ.

ಮರಳಿ ಮನೆಗೆ ಬಂದ ಮೇಲೆ ಶಾಲೆ ಶುರುವಾಗುವ ಮುನ್ನ ಒಂದೆರಡು ದಿನ ಬಿಡುವಿರಲಿ. ಈ ದಿನಗಳಲ್ಲಿ ಮಗು ಹಳೆಯ ದಿನಚರಿಗೆ ಇನ್ನಷ್ಟು ಬಿಗಿಯಾಗಿ ಅಂಟಿಕೊಂಡರೆ ಗಾಬರಿಪಡಬೇಡಿ. ಏನು ಹೊಂದಿತು, ಏನು ಹೊಂದಲಿಲ್ಲ ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. ಪ್ರವಾಸದ ಫೋಟೊಗಳನ್ನು ಮಗುವಿನ ಕೈಗೆ ಸಿಗುವಂತೆ ಅಂಟಿಸಿಡಿ. ಮುಂದಿನ ವರ್ಷದ ಚಿತ್ರಪಟ್ಟಿಗೆ ಅವೇ ಬೇಕಾಗುತ್ತವೆ. ಮುಂದಿನ ಸಲವೂ ಅದೇ ಊರಿಗೆ ಹೋಗಿ, ಸಾಧ್ಯವಾದರೆ ಅದೇ ಕೋಣೆಯನ್ನೇ ಕೇಳಿ ಪಡೆಯಿರಿ.